ವೃದ್ಧ ಜೀಪಿನ ನಾಡಿಪರೀಕ್ಷೆ

ಸಕಲೇಶಪುರದ ಕಾಫಿತೋಟದಲ್ಲಿ ಎರಡು ತಲೆಮಾರುಗಳಿಗೆ ಸೇವೆ ಸಲ್ಲಿಸಿ ನನ್ನ ಪಾಲಿಗೆ ಬಂದ ವೃದ್ಧ ಜೀಪಿನ ಸ್ಟಿಯರಿಂಗು, ಕೊಟ್ಟ ಅಪ್ಪಣೆಯನ್ನು ಒಡನೆಯೇ ಪಾಲಿಸದೆ, ಕಾಲು ಸುತ್ತಿನಷ್ಟು ಆಲೋಚಿಸಿ ಅನಂತರವೇ ಗಾಲಿಗಳಿಗೆ ಸುದ್ದಿ ಮುಟ್ಟಿಸುತ್ತಿದ್ದುದರಿಂದ, ಸರ್ಕಾರಿ ಕಡತಕ್ಕೂ ಅದಕ್ಕೂ ಇದ್ದ ಸಾದೃಶ್ಯವು ನನಗೆ ಸ್ಪಷ್ಟವಾಯಿತು. ಸ್ಟಿಯರಿಂಗ್ ಪೆಟ್ಟಿಗೆಯ ತಿರುಪನ್ನು ಬಿಗಿಮಾಡೆಂದು ನೆರೆಯವರು ಒಕ್ಕೊರಲಿನಿಂದ ಉಪದೇಶಿಸಿದರು, ಮಾಡಿದೆನು. ಸಡಿಲಿಕೆ ಹೋಗಲಿಲ್ಲ, ತಿರುವು ಕಳೆದೊಡನೆ ತಾನಾಗಿ ನೇರಕ್ಕೆ ಮರಳುವ ಸೌಜನ್ಯವನ್ನಷ್ಟೇ ಜೀಪು ಕಳೆದುಕೊಂಡಿತು.

ಕೊನೆಗೆ ಎಂಜಿನನ್ನು ನಿಲ್ಲಿಸಿ, ಮಡದಿಯನ್ನು ಚಾಲಕಪೀಠದಲ್ಲಿ ಕುಳ್ಳಿರಿಸಿ, ಸ್ಟಿಯರಿಂಗನ್ನು ಎಡಬಲಕ್ಕೆ ಮೆಲ್ಲನೆ ಅಲುಗಿಸುತ್ತಿರಬೇಕೆಂದು ಬಿನ್ನವಿಸಿ, ನಾನು ಕೆಸರಿನಲ್ಲಿ ಅಂಗಾತ ಮಲಗಿ ಒಂದೊಂದು ಕೀಲನ್ನೂ ನಾಡಿವೈದ್ಯನಂತೆ ಮುಟ್ಟಿ ನೋಡಿದೆನು. ಪೆಟ್ಟಿಗೆಯ ತೋಳು ಚಲಿಸುತ್ತಿತ್ತು, ಡ್ರ್ಯಾಗ್ ಲಿಂಕೂ ಚಲಿಸುತ್ತಿತ್ತು. ಮುಂದಿನ ಅಚ್ಚಿನ ಮೇಲಿನ ಬೆಲ್‌ಕ್ರ್ಯಾಂಕು ಮಾತ್ರ, ಸವೆದ ಪಿನ್ನಿನ ಮೇಲೆ ಮುದುಕನ ಹಲ್ಲಿನಂತೆ ಅಲ್ಲಾಡುತ್ತ, ಬಂದ ಚಲನೆಯನ್ನೆಲ್ಲ ತಾನೇ ನುಂಗುತ್ತಿತ್ತು. ಹೊಸ ಪಿನ್ನು, ಬೇರಿಂಗುಗಳು, ಟೈರಾಡಿನ ಸವೆದ ತುದಿಗಳಿಗೆ ಬದಲಿ, ಧಾರಾಳವಾದ ಗ್ರೀಸು, ಇಷ್ಟರಿಂದ ಜೀಪು ವಿಧೇಯವಾಯಿತು. ನಿರಪರಾಧಿಯಾದ ತಿರುಪನ್ನು ಮೊದಲಿನ ಸ್ಥಾನಕ್ಕೆ ಸಡಿಲಿಸಿದೆನು.

ಆದಕಾರಣ ವಾಚಕಮಹಾಶಯರೇ, ತಿರುಪಿಗೆ ಕೈಹಚ್ಚುವ ಮುನ್ನ ಕೀಲುಗಳನ್ನು ಪರೀಕ್ಷಿಸಿರಿ; ಮಲಗುವ ಮುನ್ನ ಒಂದು ಹಳೆಯ ಗೋಣಿಯನ್ನು ಹಾಸಿಕೊಳ್ಳಲು ಮರೆಯದಿರಿ.