ಆಚೆಮನೆ ಅತ್ತಿಗೆಯ ಸ್ಕಾಟ್ಲೆಂಡ್ ಪಟ್ಟಿ

ಆಚೆಮನೆ ಅತ್ತಿಗೆಯ ಮಗಳು, ಅಳಿಯ ಎಡಿನ್‌ಬರೋದಲ್ಲಿದ್ದಾರೆ. ಮೊಮ್ಮಗಳಿಗೆ ಮೂರು ವರ್ಷ. ಬರುವ ವರ್ಷ ಅತ್ತಿಗೆ, ಅಣ್ಣ, ಅಣ್ಣನ ತಾಯಿ ದೊಡ್ಡಮ್ಮ ಮೂವರೂ ಅಲ್ಲಿಗೆ ಹೋಗಬೇಕು, ಎಲ್ಲರೂ ಸೇರಿ ಒಂದು ವಾರ ಸ್ಕಾಟ್ಲೆಂಡಿನ ಹಳ್ಳಿಗಾಡಿನಲ್ಲಿ ಇರಬೇಕು ಅಂತ ಮಾತಾಗಿದೆ. ಅಳಿಯ ವಾಟ್ಸಾಪಿನಲ್ಲಿ ಒಂದು ಪಟ್ಟಿ ಕಳಿಸಿದ್ದಾರೆ. ಅತ್ತಿಗೆ ಫೋನನ್ನೇ ಬೇಲಿ ಮೇಲಿಂದ ನನ್ನ ಕೈಗೆ ಕೊಟ್ಟು, “ಓದಿ ಹೇಳು ಮಾರಾಯ್ತಿ, ಇದ್ರ ತಲೆಬುಡ ನಂಗೆ ತಿಳೀತಿಲ್ಲ” ಅಂದರು.

ಮೊದಲ ದಿನ ಗ್ಲೆನ್‌ಕೋ ಕಣಿವೆ. ಮರುದಿನ ಗ್ಲೆನ್‌ಫಿನ್ನನ್‌ನ ರೈಲು ಸೇತುವೆ. 1901ರಲ್ಲಿ ರೈಲು ಓಡಾಟ ಶುರುವಾದ, 21 ಕಮಾನುಗಳ ಕಾಂಕ್ರೀಟ್ ಸೇತುವೆ ಅದು, ಹ್ಯಾರಿ ಪಾಟರ್ ಸಿನಿಮಾದಲ್ಲಿ ಮಕ್ಕಳೆಲ್ಲ ನೋಡಿರುತ್ತಾರೆ. ಆಮೇಲೆ ಸ್ಕೈ ದ್ವೀಪ, ಅಲ್ಲಿಂದ ನೆಸ್ ಸರೋವರ, ಇನ್ವರ್ನೆಸ್, ವಾಪಸ್ಸು. ದಿನಕ್ಕೊಂದು ಊರು, ರಾತ್ರಿಗೊಂದು ಹೋಟೆಲು. ಅಳಿಯ ಪ್ರೀತಿಯಿಂದಲೇ ಮಾಡಿದ್ದು. ಅತ್ತೆ ಮಾವ ಅಷ್ಟು ದೂರದಿಂದ ಬರುತ್ತಾರೆ, ಒಂದೂ ಬಿಟ್ಟುಹೋಗಬಾರದು ಅಂತ. ಆದರೆ ಎಡಿನ್‌ಬರೋದಿಂದ ಸ್ಕೈಗೆ ಕಾರಿನಲ್ಲಿ ಐದು ಗಂಟೆಗೂ ಮೇಲೆ. ದೊಡ್ಡಮ್ಮನ ಮೊಣಕಾಲನ್ನು ಇಟ್ಟುಕೊಂಡು ಯೋಚಿಸಿದರೆ ಆ ಪಟ್ಟಿ ಅರ್ಧಕ್ಕೇ ನಿಲ್ಲುತ್ತದೆ.

ನಾನು ಹೇಳಿದೆ, “ಅತ್ತಿಗೆ, ನಮ್ಮೂರಿಗೆ ಬರೋರನ್ನ ನೋಡ್ತೀರಲ್ಲ, ಹಾಗಾಗ್ತದೆ.” ಶುಕ್ರವಾರ ರಾತ್ರಿ ಬೆಂಗಳೂರು ಬಿಟ್ಟವರು ಬೆಳಿಗ್ಗೆ ಶೃಂಗೇರಿಯಲ್ಲಿ ದರ್ಶನ ಮುಗಿಸಿ, ಮಧ್ಯಾಹ್ನದ ಊಟಕ್ಕೆ ಹೊರನಾಡು ಮುಟ್ಟಬೇಕೆಂದು ಓಡುತ್ತಾರೆ. ಸಂಜೆ ಕಳಸ. ಭಾನುವಾರ ಕಿಗ್ಗ, ಸಿರಿಮನೆ ಜಲಪಾತ, ಹರಿಹರಪುರ, ಹಾಗೇ ವಾಪಸ್ಸು ಮನೆ. ಜಯಪುರ, ಬಸರೀಕಟ್ಟೆ ಅವರಿಗೆ ಕಾರಿನ ಕಿಟಕಿಯಲ್ಲಿ ಸರಿದುಹೋಗುವ ಬೋರ್ಡುಗಳು ಅಷ್ಟೆ. ವಿದ್ಯಾಶಂಕರ ದೇವಸ್ಥಾನದ ಹನ್ನೆರಡು ರಾಶಿಕಂಬಗಳ ಮುಂದೆ ಫೋಟೋ ತೆಗೆಸಿಕೊಳ್ಳುತ್ತಾರೆ. ಆಯಾ ಮಾಸಕ್ಕೆ ಆಯಾ ಕಂಬದ ಮೇಲೆ ಬಿಸಿಲು ಬೀಳುತ್ತದೆ ಎನ್ನುತ್ತಾರಲ್ಲ, ಅದಕ್ಕಾಗಿ ಒಂದು ಬೆಳಿಗ್ಗೆ ಕಾದು ಕೂರುವಷ್ಟು ಬಿಡುವು ಅವರಿಗೆ ಎಲ್ಲಿ? ಅವರದ್ದೂ ತಪ್ಪಲ್ಲ, ರಜೆ ಇರುವುದೇ ಅಷ್ಟು. ಆದರೆ ನಮ್ಮ ಮೇಗುಂದದಲ್ಲಿ ಹುಟ್ಟಿ ಬೆಳೆದವರಿಗೆ ಹಳ್ಳಿಗಾಡು ಅಂದರೆ ಏನು ಅಂತ ಗೊತ್ತು. ಒಂದು ಕಡೆ ಕೂತವರಿಗೆ ಮಾತ್ರ ಅದು ದಕ್ಕುತ್ತದೆ. ಸ್ಕಾಟ್ಲೆಂಡಿಗೂ ಅದೇ ಮಾತು.

ನಮ್ಮ ಮಗ ಸ್ಟರ್ಲಿಂಗ್ ವಿಶ್ವವಿದ್ಯಾಲಯದಲ್ಲಿ ಓದುವಾಗ ನಾವಿಬ್ಬರೂ ಹೋಗಿದ್ದೆವು. ಆಗ ಉಳಿದದ್ದು ಪರ್ತ್‌ಶೈರ್‌ನ ಪಿಟ್ಲಾಕ್ರಿಯಲ್ಲಿ. ಅತ್ತಿಗೆಗೂ ಅದನ್ನೇ ಹೇಳಿದೆ. ಎಡಿನ್‌ಬರೋದಿಂದ ಸುಮಾರು 115 ಕಿಲೋಮೀಟರ್, ರೈಲಿನಲ್ಲಿ ಎರಡು ಗಂಟೆಯೊಳಗೆ. ಇನ್ವರ್ನೆಸ್‌ಗೆ ಹೋಗುವ ರೈಲು ಊರೊಳಗೇ ನಿಲ್ಲುತ್ತದೆ. ಸುತ್ತ ಗುಡ್ಡ, ಕಾಡು, ಊರ ಪಕ್ಕಕ್ಕೆ ಟಮ್ಮೆಲ್ ನದಿ. ಅಲ್ಲಿ ಒಂದು ವಾರಕ್ಕೆ ಮನೆ ಬಾಡಿಗೆಗೆ ಹಿಡಿದು, ಬೇಕಾದರೆ ಒಂದು ದಿನ ಮಾತ್ರ ಅಳಿಯ ಗ್ಲೆನ್‌ಕೋ ಕಡೆ ಕಾರಲ್ಲಿ ಕರೆದುಕೊಂಡು ಹೋಗಲಿ. ಉಳಿದ ದಿನ ಮನೆಯ ಸುತ್ತಲೇ ಇರಿ.

ಆ ಟಮ್ಮೆಲ್ ನದಿಗೆ ಪಿಟ್ಲಾಕ್ರಿಯಲ್ಲಿ ಕರೆಂಟಿಗಾಗಿ ಅಣೆಕಟ್ಟು ಕಟ್ಟಿದ್ದಾರೆ. ಸಮುದ್ರದಿಂದ ಮೊಟ್ಟೆಯಿಡಲು ನದಿ ಹತ್ತಿ ಬರುವ ಸಾಲ್ಮನ್ ಮೀನಿಗೆ ಅದು ಅಡ್ಡ ಬಂತಲ್ಲ, ಅದಕ್ಕೇ ಪಕ್ಕದಲ್ಲಿ ಮೆಟ್ಟಿಲು ಮೆಟ್ಟಿಲಾಗಿ 34 ಕೊಳಗಳನ್ನು ಮಾಡಿಕೊಟ್ಟಿದ್ದಾರೆ. ಮೀನು ಒಂದು ಕೊಳದಿಂದ ಇನ್ನೊಂದಕ್ಕೆ ದಾಟುತ್ತ, ನಡುವೆ ದಣಿವಾರಿಸಿಕೊಳ್ಳುತ್ತ ಮೇಲೆ ಹೋಗುತ್ತದೆ. ನಾನು ಆ ಕಟ್ಟೆಯ ಬದಿ ನಿಂತು ನೀರು ನೋಡುತ್ತ ಎಷ್ಟು ಹೊತ್ತು ಕಳೆದೆನೋ ಗೊತ್ತಿಲ್ಲ. ಶೃಂಗೇರಿಯ ತುಂಗೆಯ ಮೆಟ್ಟಿಲ ಮೇಲೆ ಮಂಡಕ್ಕಿ ಹಾಕಿ ಮೀನು ನೋಡಿ ಬೆಳೆದ ಕಣ್ಣು ನಮ್ಮದು. ಭದ್ರೆಯ ಹಿನ್ನೀರು ನರಸಿಂಹರಾಜಪುರದ ತನಕ ಬಂದು ನಿಂತದ್ದನ್ನೂ ನಾವು ಕಂಡಿದ್ದೇವೆ. ಹೊಳೆಗೆ ಕಟ್ಟೆ ಹಾಕುವಾಗ ಮೀನಿನ ದಾರಿಯನ್ನೂ ಯೋಚಿಸಿದ್ದಾರಲ್ಲ ಅಂತ ಮನಸ್ಸು ತುಂಬಿ ಬಂತು. ಮೂರು ವರ್ಷದ ಮಗುವಿಗೂ ಎಂಬತ್ತರ ಹತ್ತಿರದ ಅಜ್ಜಿಗೂ ಒಟ್ಟಿಗೆ ಖುಷಿ ಕೊಡುವ ಜಾಗ ಅಂದರೆ ಅದೇ.

ಯಾವಾಗ ಹೋಗೋದು ಅನ್ನುವುದೇ ನಮ್ಮ ಕಡೆಯವರಿಗೆ ದೊಡ್ಡ ಪ್ರಶ್ನೆ. ಅಲ್ಲಿ ಶಾಲೆಗೆ ರಜ ಜೂನ್ ಕೊನೆಯಿಂದ ಆಗಸ್ಟ್ ನಡುವಿನ ತನಕ. ಎಲ್ಲರೂ ತಿರುಗುವುದು ಆಗಲೇ. ಜೂನ್, ಜುಲೈ ಅಂದರೆ ಇಲ್ಲಿ ಅಡಿಕೆಗೆ ಔಷಧಿ ಹೊಡೆಯುವ ಕಾಲ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮಳೆ ಹಿಡಿಯುವಾಗ ಒಂದು ಸಲ, ನಲವತ್ತು ನಲವತ್ತೈದು ದಿನಕ್ಕೆ ಮತ್ತೊಂದು ಸಲ. ಈ ಬೋರ್ಡೋ ದ್ರಾವಣವನ್ನು ಅಡಿಕೆಯ ಕೊಳೆರೋಗಕ್ಕೆ ಹೊಂದಿಸಿ ಮಲೆನಾಡಿನವರ ಕೈಗೆ ಕೊಟ್ಟದ್ದು ನೂರು ವರ್ಷದ ಹಿಂದೆ ಮೈಸೂರು ಸರ್ಕಾರದಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಅಂದಿನಿಂದ ಇಂದಿನವರೆಗೆ ಮುಂಗಾರು ಹಿಡಿಯುವ ಹೊತ್ತಿಗೆ ಮನೆಯ ಯಜಮಾನ ತೋಟದಲ್ಲಿ ಇರಲೇಬೇಕು. ಹಳದಿ ಎಲೆ ರೋಗ ಹಳೆಯ ಕಾಟ, ಈಚೆಗೆ ಎಲೆಚುಕ್ಕಿ ಬೇರೆ ಸೇರಿಕೊಂಡಿದೆ. “ಇರೋ ನಾಲ್ಕು ಮರಾನೂ ಬಿಟ್ಟು ಹೋಗೋದಾ?” ಅಂತ ಅಣ್ಣ ಕೇಳುವುದರಲ್ಲಿ ಅರ್ಥ ಇದೆ. ಮಳೆಗಾಲ ಕಳೆದರೆ ಅಡಿಕೆ ಕೊಯ್ಲು, ಡಿಸೆಂಬರಿನಿಂದ ಕಾಫಿ ಕೊಯ್ಲು, ಆಮೇಲೆ ಹೂಮಳೆಗೆ ಕಾಯೋದು, ಬರದಿದ್ದರೆ ಸ್ಪ್ರಿಂಕ್ಲರ್ ಹಾಕೋದು.

ಲೆಕ್ಕ ಹಾಕಿದರೆ ಉಳಿಯುವುದು ಮೇ ತಿಂಗಳು. ಮೊಮ್ಮಗಳು ಇನ್ನೂ ಶಾಲೆಗೆ ಸೇರಿಲ್ಲ, ರಜೆಯ ಹಂಗಿಲ್ಲ. ಕೃತ್ತಿಕೆ ಮಳೆ ಶುರುವಾಗುವ ಹೊತ್ತಿಗೆ ಹೊರಟು, ರೋಹಿಣಿ ಮುಗಿದು ಮೃಗಶಿರಾ ಹಿಡಿಯುವುದರೊಳಗೆ ಮನೆ ಸೇರಬೇಕು. ಅಲ್ಲಿಗೂ ಅದು ಒಳ್ಳೆಯ ಕಾಲ. ಮಳೆ ತುಸು ಕಡಿಮೆ, ಪಶ್ಚಿಮದ ಫೋರ್ಟ್ ವಿಲಿಯಮ್ ಕಡೆಗಿಂತ ಪಿಟ್ಲಾಕ್ರಿಯಲ್ಲಿ ಇನ್ನೂ ಕಡಿಮೆ. ಫೋರ್ಟ್ ವಿಲಿಯಮ್‌ನಲ್ಲೇ ವರ್ಷಕ್ಕೆ ಸುಮಾರು 2,000 ಮಿಲಿಮೀಟರ್, ನಮ್ಮ ಆಗುಂಬೆಯಲ್ಲಿ 7,000 ದಾಟುತ್ತದೆ, ಮಳೆಗೆ ಹೆದರುವವರು ನಾವಲ್ಲ. ಆದರೆ ಅಲ್ಲಿಯ ಮಳೆ ಮೈ ಕೊರೆಯುತ್ತದೆ. ಮೇ ತಿಂಗಳಲ್ಲೂ ಹಗಲು 14–15 ಡಿಗ್ರಿ, ರಾತ್ರಿ 5ರ ಹತ್ತಿರ. ದೊಡ್ಡಮ್ಮನಿಗೆ ಉಣ್ಣೆಯ ಕಾಲುಚೀಲ, ಒಳಗೆ ಹಾಕುವ ಬೆಚ್ಚನೆಯ ಬಟ್ಟೆ ಎರಡೆರಡು ಜೊತೆ ಇರಲೇಬೇಕು. ಸೂರ್ಯ ಬೆಳಗಿನ ಐದಕ್ಕೇ ಹುಟ್ಟಿ ರಾತ್ರಿ ಒಂಬತ್ತು ದಾಟಿದ ಮೇಲೆ ಮುಳುಗುತ್ತಾನೆ. ಮುಸ್ಸಂಜೆ ದೀಪ ಹಚ್ಚೋದು ಯಾವಾಗ ಅಂತ ದೊಡ್ಡಮ್ಮ ಕೇಳಿದರು. ಗಡಿಯಾರ ನೋಡಿ ಏಳಕ್ಕೆ ಹಚ್ಚಿಬಿಡಿ ಅಂದೆ, ಒಪ್ಪಿದರು.

ಜೂನ್ ಬಂತೆಂದರೆ ಅಲ್ಲಿ ಮಿಡ್ಜ್ ಅನ್ನುವ ನುಸಿ ಏಳುತ್ತದೆ. ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದು, ಗಾಳಿಯಿಲ್ಲದ ತಂಪು ಸಂಜೆಗಳಲ್ಲಿ ಮೋಡ ಕವಿದ ಹಾಗೆ ಮುತ್ತಿ ಕಚ್ಚುತ್ತದೆ. ಮೇ ನಡುವಿನಲ್ಲಿ ಅದರ ಕಾಟ ಅಷ್ಟಿಲ್ಲ. ಇಂಬಳ ಇಲ್ಲವೇ ಇಲ್ಲ. ಆದರೆ ಉಣುಗು ಇದೆ. ಮಂಗನ ಕಾಯಿಲೆಯ ಭಯದಲ್ಲಿ ಬದುಕುವ ನಮಗೆ ಉಣುಗಿನ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಅಲ್ಲಿ ಅದು ತರುವ ಕಾಯಿಲೆ ಬೇರೆ, ಲೈಮ್ ಅಂತ. ಹುಲ್ಲು, ಪೊದೆಯಲ್ಲಿ ಓಡಾಡಿ ಬಂದ ಮೇಲೆ ಮಗುವಿನ ಮೊಣಕಾಲ ಹಿಂದೆ, ಕಿವಿಯ ಹಿಂದೆ, ತಲೆಗೂದಲಿನೊಳಗೆ ಬೆರಳಾಡಿಸಿ ನೋಡುವುದು ಅಜ್ಜಿಯ ಕೆಲಸ.

ಮನೆ ಹಿಡಿಯುವಾಗ ಮಗಳು ಕೇಳಬೇಕಾದ್ದು ಏನು ಅಂತ ಅತ್ತಿಗೆ ಕೈಯಲ್ಲಿ ಬರೆಸಿದೆ. ಅಲ್ಲಿ ರಜೆಯ ಮನೆಗಳನ್ನು ಸಾಮಾನ್ಯವಾಗಿ ಶನಿವಾರದಿಂದ ಶನಿವಾರಕ್ಕೆ ಕೊಡುತ್ತಾರೆ, ವಿಮಾನದ ಟಿಕೆಟನ್ನು ಅದಕ್ಕೆ ಹೊಂದಿಸಿಕೊಳ್ಳಬೇಕು. ದೊಡ್ಡಮ್ಮನಿಗೆ ಕೆಳಗಿನ ಅಂತಸ್ತಿನಲ್ಲೇ ಮಲಗುವ ಕೋಣೆ ಬೇಕು, ಬಚ್ಚಲೂ ಅಲ್ಲೇ ಇರಬೇಕು. ಹಳೆಯ ಮನೆಗಳಲ್ಲಿ ಶವರ್ ಇರುವುದು ಸ್ನಾನದ ತೊಟ್ಟಿಯೊಳಗೆ. ಮೊಣಕಾಲೆತ್ತರದ ತೊಟ್ಟಿಯ ಅಂಚನ್ನು ದಾಟಿ ಒಳಗೆ ಕಾಲಿಡುವುದೆಂದರೆ ವಯಸ್ಸಾದವರು ಜಾರುವುದು ಖಂಡಿತ. ಫೋಟೋದಲ್ಲಿ ಬಚ್ಚಲು ಕಾಣದಿದ್ದರೆ ಕೇಳಿ ತರಿಸಿಕೊಳ್ಳಿ. ಬೆಟ್ಟ ಕಾಣುವ ಕಿಟಕಿ ಆಮೇಲೆ.

ಅಡುಗೆಯದ್ದೂ ಹೇಳಿದೆ. ತುಪ್ಪ, ಪೇಡ, ಹಾಲಿನದ್ದು ಯಾವುದನ್ನೂ ನಮ್ಮ ದೇಶದಿಂದ ಅಲ್ಲಿಗೆ ಒಯ್ಯುವ ಹಾಗಿಲ್ಲ. ಅತ್ತಿಗೆ ಆಗಲೇ ಮಗಳಿಗೆಂದು ತುಪ್ಪ ಕಾಸಲು ಬೆಣ್ಣೆ ಕೂಡಿಡಲು ಹೊರಟಿದ್ದರು. ಅಣ್ಣನ ಕವಳಕ್ಕೆ ಹಸಿ ವೀಳ್ಯದೆಲೆ ಒಯ್ಯುವುದೂ ಆಗದ ಮಾತು, ಆ ದಿನಗಳ ಮಟ್ಟಿಗೆ ಬಿಟ್ಟಿರಲಿ. ಸಾರಿನ ಪುಡಿ, ಹುಳಿಪುಡಿ, ಹಪ್ಪಳ, ಸಂಡಿಗೆ ಇದ್ದರೆ ಸಾಕು, ಅಕ್ಕಿ ಬೇಳೆ ಎಡಿನ್‌ಬರೋದಲ್ಲಿ ಸಿಗುತ್ತದೆ. ಇನ್ನೊಂದು, 2022ರಿಂದ ಸ್ಕಾಟ್ಲೆಂಡಿನಲ್ಲಿ ಪ್ರತಿ ಮನೆಗೂ ಹೊಗೆ, ಶಾಖ ಕಂಡರೆ ಕೂಗುವ ಅಲಾರಂ ಕಡ್ಡಾಯ, ಒಂದು ಕೂಗಿದರೆ ಎಲ್ಲ ಕೂಗಬೇಕು. ಒಣಮೆಣಸಿನ ಒಗ್ಗರಣೆ ಹಾಕುವ ಮೊದಲು ಅಡುಗೆಮನೆ ಬಾಗಿಲು ಮುಚ್ಚಿ, ಕಿಟಕಿ ತೆಗೆಯಿರಿ ಅಂತ ಒತ್ತಿ ಹೇಳಿದ್ದೇನೆ.

ಅಲ್ಲಿ ನನಗೆ ಬಹಳ ಹಿಡಿಸಿದ್ದು ನಡೆದಾಡುವ ಹಕ್ಕು. 2003ರ ಭೂಸುಧಾರಣಾ ಕಾಯ್ದೆಯ ಪ್ರಕಾರ ಸ್ಕಾಟ್ಲೆಂಡಿನ ಬಹುಪಾಲು ಗುಡ್ಡ, ಕಾಡು, ಹುಲ್ಲುಗಾವಲಲ್ಲಿ ಯಾರು ಬೇಕಾದರೂ ನಡೆಯಬಹುದು, ಖಾಸಗಿ ಜಮೀನಾದರೂ ಸರಿ. ಮನೆಯಂಗಳಕ್ಕೆ ನುಗ್ಗಬಾರದು, ಬೆಳೆ ತುಳಿಯಬಾರದು, ಗೇಟು ಹೇಗಿತ್ತೋ ಹಾಗೇ ಬಿಟ್ಟು ಹೋಗಬೇಕು. ಇದನ್ನು ಅತ್ತಿಗೆಗೆ ಬಿಡಿಸಿ ಹೇಳಬೇಕಾಗಲಿಲ್ಲ. ನಮ್ಮಲ್ಲಿ ತೋಟದಿಂದ ತೋಟಕ್ಕೆ ಹೋಗುವ ಕಾಲುದಾರಿಗಳಲ್ಲಿ ಉಣಗೋಲು ಸರಿಸಿ ದಾಟಿದವನು ತಿರುಗಿ ಬಿದಿರನ್ನು ತೂತಿಗೆ ಸೇರಿಸಿಯೇ ಮುಂದೆ ಹೋಗಬೇಕು. ಇಲ್ಲದಿದ್ದರೆ ದನ ನುಗ್ಗಿ ಗದ್ದೆ ಪೂರ್ತಿ ಮೇಯುತ್ತದೆ. ಮೇ ತಿಂಗಳೆಂದರೆ ಅಲ್ಲಿ ಕುರಿಮರಿಗಳು ಸಣ್ಣವಿರುತ್ತವೆ, ಮಗು ಅಟ್ಟಿಸಿಕೊಂಡು ಹೋಗದ ಹಾಗೆ ಕೈ ಹಿಡಿದಿರಬೇಕು ಅಷ್ಟೆ.

ಅಣ್ಣನಿಗೆ ಬೇರೆ ಆಸೆ ಹುಟ್ಟಿಸಲು ಇನ್ನೊಂದು ಕತೆ ಹೇಳಿದೆ. ಸ್ಕಾಟ್ಲೆಂಡಿನ ಗಡಿ ಸೀಮೆಯ ಕೆಲ್ಸೋ ಬಳಿ ಕ್ಲಿಫ್ಟನ್ ಪಾರ್ಕ್ ಅಂತ ಇದೆ. ಅಲ್ಲಿಯ ರಾಬರ್ಟ್ ಎಲಿಯಟ್ 1850ರ ದಶಕದಲ್ಲಿ ನಮ್ಮ ಸಕಲೇಶಪುರದ ಮಂಜರಾಬಾದಿಗೆ ಬಂದು ಕಾಫಿ ತೋಟ ಮಾಡಿದವನು. ಮೈಸೂರು ಸೀಮೆಯ ಕಾಫಿ ಬೇಸಾಯದ ಬಗ್ಗೆ ಪುಸ್ತಕಗಳನ್ನು ಬರೆದ, ಊರಿಗೆ ಮರಳಿ ಆಳಕ್ಕೆ ಬೇರಿಳಿಸುವ ಹುಲ್ಲು ಬೆಳೆಸಿ ಮಣ್ಣಿನ ಸತ್ವ ಉಳಿಸುವ ಪದ್ಧತಿಯನ್ನೂ ಬರೆದಿಟ್ಟ. ಮಲೆನಾಡಿನ ತೋಟಕ್ಕೂ ಅಲ್ಲಿಯ ಹುಲ್ಲುಗಾವಲಿಗೂ ಹೀಗೊಂದು ನಂಟು ಹಳೆಯದು. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ಆಗಾಗ ಹೋಗಿ ಮಣ್ಣು ಪರೀಕ್ಷೆ ಮಾಡಿಸುವ ಅಣ್ಣ ಆ ಮಾತಿಗೆ ಕಿವಿಗೊಟ್ಟು ಕೂತರು. ರೈತರ ರಜೆ ಅಂದರೆ ಹಾಗೇ, ಬೇರೆಯವರ ಮಣ್ಣು ನೋಡದೆ ಮನಸ್ಸಿಗೆ ಸಮಾಧಾನವಿಲ್ಲ.

ಈಗ ಆಗಬೇಕಾದ ಕೆಲಸ ಇಷ್ಟು. ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಮೂರು ತಿಂಗಳು ಮುಂಚೆಯಿಂದ ಹಾಕಬಹುದು, ಬೆರಳಚ್ಚು ಕೊಡಲು ಮೂವರೂ ಬೆಂಗಳೂರಿಗೆ ಹೋಗಬೇಕು. ಫೆಬ್ರವರಿ ನಡುವೆ ಕಾಫಿ ಕೊಯ್ಲಿನ ಗಡಿಬಿಡಿಯಲ್ಲೇ ಅದೊಂದು ದಿನ ಬಿಡುವು ಮಾಡಿಕೊಂಡರೆ ಮುಗಿಯಿತು. ದೊಡ್ಡಮ್ಮನ ಬಿ.ಪಿ. ಮಾತ್ರೆ ಪೂರ್ತಿ ದಿನಗಳಿಗೆ, ಡಾಕ್ಟರ ಚೀಟಿ ಸಮೇತ, ಪ್ರಯಾಣದ ವಿಮೆ ತಪ್ಪದೆ. ಅಳಿಯನಿಗೆ ನಾನೇ ಫೋನ್ ಮಾಡಿ ಪಟ್ಟಿ ಸಣ್ಣದು ಮಾಡಿ ಅಂದಿದ್ದೇನೆ. ಅವರಿಗೂ ಒಳಗೊಳಗೇ ಅದೇ ಬೇಕಿತ್ತಂತೆ.

ಉಳಿದದ್ದು ಕೊಟ್ಟಿಗೆ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ರಜೆಯ ಮಾತು ಮುರಿದುಬೀಳುವುದು ದುಡ್ಡಿಗಲ್ಲ, ಹಾಲು ಕರೆಯುವ ಎರಡು ದನ, ಒಂದು ನಾಯಿ, ಪೈಪು ಹಾಕಿ ನೀರು ಬಿಡಬೇಕಾದ ಸಸಿಗಳಿಗೆ. ಅತ್ತಿಗೆಯ ದನಗಳನ್ನು ನಾನು ನೋಡಿಕೊಳ್ಳುತ್ತೇನೆ, ತೋಟದ ನೀರು ನಮ್ಮನೆಯವರ ಪಾಲಿಗೆ. ನಿಮ್ಮ ಪಕ್ಕದ ಮನೆಯವರೂ ಮಕ್ಕಳ ಹತ್ತಿರ ಹೋಗಿಬರಬೇಕೆಂದು ವರ್ಷಗಳಿಂದ ಮುಂದೂಡುತ್ತಿದ್ದರೆ, ಅವರು ಬಾಯಿಬಿಟ್ಟು ಕೇಳುವ ಮೊದಲೇ ನೀವು ಹೇಳಿ, ಹೋಗಿ ಬನ್ನಿ, ಕೊಟ್ಟಿಗೆ ನಾವು ನೋಡ್ಕೋತೀವಿ ಅಂತ.