ಬಾಗಿನ ಬಿಡಲು ಬರುವ ಮಾನ್ಯರಿಗೆ

ಮಾನ್ಯರೇ,

ಗೊರೂರಿನ ಹೇಮಾವತಿ ಜಲಾಶಯ ತುಂಬಿತೆಂಬ ಸುದ್ದಿ ಬಂದರೆ ಸಾಕು, ತಾವು ಸಪರಿವಾರ ಬಂದು ಬಾಗಿನ ಬಿಡುತ್ತೀರಿ. ಮೊರ, ಅರಿಶಿನ ಕುಂಕುಮ, ಬಳೆ ಬಿಚ್ಚೋಲೆ, ರವಿಕೆ ಕಣ, ತೆಂಗಿನಕಾಯಿ ಎಲ್ಲ ಕ್ರಮಬದ್ಧ. ಪೂಜೆಯಲ್ಲಿ ಲೋಪ ಹುಡುಕುವಷ್ಟು ನಾಸ್ತಿಕ ನಾನಲ್ಲ. ವಿಳಾಸದಲ್ಲಿ ಮಾತ್ರ ಒಂದು ತಿದ್ದುಪಡಿ ಬೇಕಿತ್ತು, ಅದಕ್ಕೇ ಈ ಪತ್ರ.

ನೀರು 2922 ಅಡಿ ಮುಟ್ಟಿತೆಂದು ಅಣೆಕಟ್ಟಿನ ಮೇಲೆ ಚಪ್ಪಾಳೆ ಬೀಳುವ ಹೊತ್ತಿಗೆ ಹಿನ್ನೀರಿನ ಶೆಟ್ಟಿಹಳ್ಳಿಯಲ್ಲಿ ರೋಸರಿ ಚರ್ಚು ಎದೆಮಟ್ಟ ಮುಳುಗಿರುತ್ತದೆ. ಅಲ್ಲಿ ತೆಪ್ಪದವರು ಬಿಟ್ಟರೆ ಯಾರೂ ಇರುವುದಿಲ್ಲ. ತಮ್ಮ ಪಾಲಿಗೆ ಅದು ಭರ್ತಿಯ ದಿನ, ಆ ಊರಿನ ಪಾಲಿಗೆ ತಿಥಿ. ಎರಡೂ ಒಂದೇ ದಿನ ಬೀಳುವುದರಿಂದ ಪುರೋಹಿತರಿಗೂ ಅನುಕೂಲ.

ಆ ಚರ್ಚನ್ನು 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಗಾಥಿಕ್ ಶೈಲಿಯಲ್ಲಿ ಕಟ್ಟಿಸಿದರು. ಗಾರೆಗೆ ಬೆಲ್ಲ, ಮೊಟ್ಟೆ ಬೆರೆಸಿದ್ದರೆಂದು ಆ ಕಡೆಯವರು ಹೇಳುತ್ತಾರೆ. ನಂಬುವುದೂ ಬಿಡುವುದೂ ತಮಗೆ ಸೇರಿದ್ದು. ಆದರೆ ಮಾಡು ಹಾರಿಹೋಗಿ, ಮಳೆಗಾಲಕ್ಕೊಮ್ಮೆ ನೀರಲ್ಲಿ ನೆನೆದು, ಬೇಸಿಗೆಗೊಮ್ಮೆ ಬಿಸಿಲಲ್ಲಿ ಒಣಗಿ, ನಾಲ್ಕು ದಶಕ ಮೀರಿದರೂ ಕಮಾನುಗಳು ಇನ್ನೂ ನಿಂತಿವೆ. ನಮ್ಮ ಕಡೆಯ ಗುತ್ತಿಗೆ ರಸ್ತೆಗಳು ಮೊದಲ ಮುಂಗಾರಿಗೇ ಡಾಂಬರು ಕಳಚಿಕೊಳ್ಳುವುದನ್ನು ನೋಡಿದರೆ, ಟೆಂಡರಿನಲ್ಲಿ ಒಂದಿಷ್ಟು ಮೊಟ್ಟೆಗೂ ಅವಕಾಶ ಕೊಡಬಹುದಿತ್ತು ಅನ್ನಿಸುತ್ತದೆ. ಏಪ್ರಿಲ್‌ನಲ್ಲಿ ಹೋಗಿ ನೋಡಿ. ನಡುಮನೆಯ ನೆಲವೆಲ್ಲ ಒಣಮೆಕ್ಕಲು, ಹೆಂಚಿನ ಚೂರಿನಂತೆ ಬಿರಿದು ಅಂಚು ಮೇಲಕ್ಕೆ ಸುರುಳಿಯಾಗಿರುತ್ತದೆ. ಗೋಡೆಗಳ ಮೇಲೆ ಒಂದರ ಕೆಳಗೊಂದು ಕಂದು ಪಟ್ಟೆಗಳು: ಯಾವ ಸಲ ನೀರು ಎಲ್ಲಿಗೆ ಬಂದು ನಿಂತಿತ್ತೆಂಬ ಲೆಕ್ಕ. ನೀರಾವರಿ ಇಲಾಖೆಯ ರಿಜಿಸ್ಟರಿಗಿಂತ ಈ ಲೆಕ್ಕ ಓದಲು ಸುಲಭ, ಮಾಹಿತಿ ಹಕ್ಕಿನ ಅರ್ಜಿಯೂ ಬೇಡ. ಪೂಜೆಪೀಠವಿದ್ದ ಕಡೆ ಮದುವೆಗೆ ಮುಂಚಿನ ಫೋಟೊ ಶೂಟಿಗೆ ಬಂದ ಜೋಡಿ ನಿಂತಿರುತ್ತದೆ, ಡ್ರೋನ್ ತಲೆಯ ಮೇಲೆ ಸುತ್ತುತ್ತಿರುತ್ತದೆ. ಮದುವೆಗಳು ಅಲ್ಲಿ ನಿಂತುಹೋಗಿವೆ, ಮದುವೆಯ ಫೋಟೊಗಳು ನಿಂತಿಲ್ಲ.

ತಮ್ಮ ಭಾಷಣಗಳಲ್ಲಿ ಈ ಜಲಾಶಯದ ಚರಿತ್ರೆ ಸಾಮಾನ್ಯವಾಗಿ ಯಾವ ಸರ್ಕಾರದ ಕಾಲದಲ್ಲಿ ಎಷ್ಟು ಕೋಟಿ ಎಂಬಲ್ಲಿಂದ ಶುರುವಾಗುತ್ತದೆ. ಅದು ಇನ್ನೂ ಹಿಂದಿನದು. ಮೈಸೂರು ಮತ್ತು ಮದರಾಸು 1924ರಲ್ಲಿ ಮಾಡಿಕೊಂಡ ಕಾವೇರಿ ಒಪ್ಪಂದದಲ್ಲೇ ಕಾವೇರಿ ಮತ್ತು ಅದರ ಉಪನದಿಗಳ ಮೇಲೆ ಒಟ್ಟು 45 ಟಿಎಂಸಿ ಸಾಮರ್ಥ್ಯದ ತನಕ ಕಟ್ಟಿಕೊಳ್ಳಲು ಮೈಸೂರಿಗೆ ಅವಕಾಶವಿತ್ತು. ಮುಂದೆ ಹೇಮಾವತಿ, ಕಬಿನಿ, ಹಾರಂಗಿ ಯೋಜನೆಗಳಿಗೆ ದೆಹಲಿಯ ಯೋಜನಾ ಆಯೋಗದ ಒಪ್ಪಿಗೆ ದಕ್ಕದಾಗ ರಾಜ್ಯವೇ ತನ್ನ ಬೊಕ್ಕಸದ ದುಡ್ಡು ಹಾಕಿತು. ಆ ಧೈರ್ಯವನ್ನು ನಾನು ಹಗುರಾಗಿ ಕಾಣುವವನಲ್ಲ. ಗೊರೂರಿನ ಕಟ್ಟೆ 1979ರಲ್ಲಿ ಪೂರ್ತಿಯಾಯಿತು, ಒಡಲು 37.103 ಟಿಎಂಸಿ. ಲೀಟರಿನಲ್ಲಿ ಹೇಳಿದರೆ ಒಂದು ಲಕ್ಷ ಕೋಟಿಗೂ ಮೇಲೆ. ಇಷ್ಟು ನೀರಿಗೆ ಎಲ್ಲಾದರೂ ಜಾಗ ಬೇಕಲ್ಲ. ನಕ್ಷೆಯಲ್ಲಿ ನೀಲಿ ಬಳಿದ ಕಡೆ ಗದ್ದೆ, ತೋಪು, ಗುಡಿ, ಚರ್ಚು, ಸುಡುಗಾಡು ಎಲ್ಲ ಇದ್ದವು. ಶೆಟ್ಟಿಹಳ್ಳಿಯೂ ಇತ್ತು.

ಗೊರೂರಿನ ಅದೃಷ್ಟ ಬೇರೆ. ಅದು ಕಟ್ಟೆಯ ಕೆಳಗುಳಿದು ಜಲಾಶಯಕ್ಕೆ ಹೆಸರೂ ಕೊಟ್ಟಿತು. ಅದಕ್ಕೂ ಮೊದಲೇ ‘ಹಳ್ಳಿಯ ಚಿತ್ರಗಳು’ ಬರೆದ ರಾಮಸ್ವಾಮಿ ಅಯ್ಯಂಗಾರ್ ಆ ಊರಿಗೆ ದಕ್ಕಿದ್ದರು. ಮೇಲಿನ ಊರುಗಳಿಗೆ ಅಂಥ ಲೇಖಕರು ಸಿಕ್ಕಲಿಲ್ಲ. ಸಿಕ್ಕಿದವರು ಸರ್ವೆಯರುಗಳು. ಅವರೂ ಬರೆದರು, ಗುಂಟೆ ಲೆಕ್ಕದಲ್ಲಿ.

ನೀರು ಎಲ್ಲಿಗೆ ಹೋಗುತ್ತದೆಂದು ಕೇಳಿದರೆ ಹಾಸನದ ನಲ್ಲಿಗಳಿಂದ ಶುರುಮಾಡಬೇಕು. ಎಡದಂಡೆ ನಾಲೆ ಹಿಡಿದು ಹೊರಟರೆ ಚನ್ನರಾಯಪಟ್ಟಣದ ಕಡೆ ಬಾಗೂರು-ನವಿಲೆ ಸುರಂಗ. ಗುಡ್ಡದ ಹೊಟ್ಟೆ ಕೊರೆದು ನೀರನ್ನು ಆಚೆ ದಾಟಿಸಿದ್ದಾರೆ. ಸುರಂಗದ ನೆತ್ತಿಯ ಮೇಲಿನ ಹಳ್ಳಿಗಳವರು ನಮ್ಮ ಬಾವಿ, ಬೋರ್‌ವೆಲ್ ಬತ್ತಿದವೆಂದು ಪರಿಹಾರಕ್ಕೆ ವರ್ಷಗಟ್ಟಲೆ ಅಲೆದಿದ್ದಾರೆ. ಕಾಲಡಿಯಲ್ಲಿ ಹೊಳೆ, ಕೊಡದಲ್ಲಿ ಗಾಳಿ. ಅಲ್ಲಿಂದ ಮುಂದೆ ತುಮಕೂರು. ಆ ನಗರಕ್ಕೆ ಬುಗುಡನಹಳ್ಳಿ ಕೆರೆಯೇ ತಿಜೋರಿ, ಅದು ತುಂಬುವುದು ಹೇಮಾವತಿಯಿಂದ. ನಾಲೆಯಲ್ಲಿ ನೀರು ತಡವಾದರೆ ಅಲ್ಲಿ ಬಿಂದಿಗೆ ಸಾಲು ಬೆಳೆಯುತ್ತದೆ. ಎಕ್ಸ್‌ಪ್ರೆಸ್ ಲಿಂಕ್ ಕಾಲುವೆ ಮಾಡಿ ಕುಣಿಗಲ್, ಮಾಗಡಿ ಕಡೆಗೆ ನೀರೊಯ್ಯುತ್ತೇವೆಂದಾಗ ತುಮಕೂರು ಜಿಲ್ಲೆ ಬೀದಿಗಿಳಿದದ್ದು ಇತ್ತೀಚಿನ ಮಾತು. ಅವರಿಗೂ ನ್ಯಾಯವಿದೆ, ಮಾಗಡಿಯವರಿಗೂ ಬಾಯಾರಿಕೆಯಿದೆ. ಈ ಜಗಳದಲ್ಲಿ ಹಾಸನದವರು, ತುಮಕೂರಿನವರು, ಮಂಡ್ಯದವರು, ಕೊನೆಗೆ ತಮಿಳುನಾಡಿನವರೂ ಹಕ್ಕುದಾರರು. ಕಾವೇರಿ ನ್ಯಾಯಮಂಡಳಿ 1990ರಲ್ಲಿ ಬಂತು, 2007ರಲ್ಲಿ ಐತೀರ್ಪು ಕೊಟ್ಟಿತು, 2018ರಲ್ಲಿ ಸುಪ್ರೀಂ ಕೋರ್ಟು ಬೆಂಗಳೂರಿನ ಬಾಯಾರಿಕೆಗೆಂದು 4.75 ಟಿಎಂಸಿ ಸೇರಿಸಿ ಕೊಟ್ಟಿತು. ಅಷ್ಟು ವಕೀಲರ ನಡುವೆ ಮುಳುಗಿದ ಊರಿನ ಪರವಾಗಿ ಎದ್ದುನಿಂತವರನ್ನು ನಾನು ಕೇಳಿಲ್ಲ. ಹರಿವ ನೀರಿಗೆ ವಾದಿ, ಪ್ರತಿವಾದಿ ಇಬ್ಬರೂ ಉಂಟು. ನಿಂತ ನೀರಿಗೆ ಯಾರೂ ಇಲ್ಲ.

ಪರಿಹಾರ ಕೊಟ್ಟಿದ್ದೇವಲ್ಲ ಎಂದು ತಮ್ಮ ಪಕ್ಕದ ಅಧಿಕಾರಿ ಕಿವಿಯಲ್ಲಿ ಹೇಳಬಹುದು. ಕೊಟ್ಟದ್ದುಂಟು. ಎಚ್‌ಆರ್‌ಪಿ ಅಂದರೆ ನಮ್ಮ ಜಿಲ್ಲೆಯಲ್ಲಿ ಮಕ್ಕಳಿಗೂ ಗೊತ್ತು, ಹೇಮಾವತಿ ಜಲಾಶಯ ಯೋಜನೆ, ಅದರ ಸಂತ್ರಸ್ತರಿಗೆ ಕಾದಿಟ್ಟ ಜಮೀನು. ಸಾಗುವಳಿ ಚೀಟಿಗಾಗಿ ಅಪ್ಪ ಅಲೆದ ಕಚೇರಿಯ ಮೆಟ್ಟಿಲನ್ನೇ ಮಗ ಹತ್ತಿದ, ಈಗ ಮೊಮ್ಮಗ ಹತ್ತುತ್ತಿದ್ದಾನೆ. ಈ ನಡುವೆ ಒಂದು ಪವಾಡವೂ ನಡೆಯಿತು. ಸಂತ್ರಸ್ತರೇ ಅಲ್ಲದವರ ಹೆಸರಿಗೆ ಜಮೀನು ಮಂಜೂರಾಗಿದೆಯೆಂದು ದೂರು ಬಂತು, ತನಿಖೆ ಶುರುವಾಯಿತು. ಅಣೆಕಟ್ಟು ಎಷ್ಟು ಜನರನ್ನು ಮುಳುಗಿಸಿತ್ತೋ, ಕಾಗದದಲ್ಲಿ ಅದಕ್ಕಿಂತ ಹೆಚ್ಚು ಜನ ಮುಳುಗಿದರು. ಗೇಟು ಮುಚ್ಚಿದ ಮೇಲೆ ಹುಟ್ಟಿ, ಒಮ್ಮೆಯೂ ಒದ್ದೆಯಾಗದೆ ಮುಳುಗಡೆಯಾದವರ ಸಾಧನೆ ಚರ್ಚಿನ ಗಾರೆಗಿಂತ ಗಟ್ಟಿ.

ನನ್ನ ಬೇಡಿಕೆ ದೊಡ್ಡದಲ್ಲ. ಕಟ್ಟೆ ಒಡೆಯಿರಿ ಎನ್ನುತ್ತಿಲ್ಲ. ನಾನೂ ಈ ನೀರನ್ನೇ ಕುಡಿದವನು, ಉಪ್ಪಿನಷ್ಟೇ ನೀರಿನ ಋಣವೂ ದೊಡ್ಡದು. ಚರ್ಚಿನ ಸುತ್ತ ಗ್ರಿಲ್ಲು ಹಾಕಿಸಿ, ಟಿಕೆಟ್ ಇಟ್ಟು, ಸೆಲ್ಫಿ ಪಾಯಿಂಟ್ ಎಂಬ ಫಲಕ ನೆಡಿಸುವ ಆಲೋಚನೆ ತಮಗೆ ಬಂದಿದ್ದರೆ ದಯವಿಟ್ಟು ಅದನ್ನು ಮುಂದಿನ ಬಜೆಟ್ಟಿಗೆ ತಳ್ಳಿ, ಅಲ್ಲಿಂದ ಅದರ ಮುಂದಿನದಕ್ಕೆ. ಮುಂದಿನ ಸಲ ಬಾಗಿನಕ್ಕೆ ಬಂದಾಗ ಒಳಹರಿವು ಎಷ್ಟು, ಹೊರಹರಿವು ಎಷ್ಟು ಎಂದು ಅಧಿಕಾರಿ ಓದುವ ಹಾಳೆಯಲ್ಲಿ ಮುಳುಗಿದ ಊರುಗಳ ಹೆಸರನ್ನೂ ಸೇರಿಸಿ, ಶೆಟ್ಟಿಹಳ್ಳಿಯಿಂದ ಶುರುಮಾಡಿ ಗಟ್ಟಿಯಾಗಿ ಓದಿಸಿ. ಕಾರ್ಯಕ್ರಮಕ್ಕೆ ಹೊತ್ತಾಗುತ್ತದೆಂಬ ಚಿಂತೆ ಬೇಡ. ಹತ್ತು ಗಂಟೆಗೆಂದು ಕಾರ್ಡಿನಲ್ಲಿ ಅಚ್ಚು ಹಾಕಿಸಿ ತಾವು ಬರುವುದು ಹೇಗೂ ಹನ್ನೆರಡೂವರೆಗೆ. ಅಷ್ಟರಲ್ಲಿ ಓದಿ ಮುಗಿಸಿರುತ್ತೇವೆ.

ಇಂತಿ,
ಹೇಮಾವತಿಯ ನೀರು ಕುಡಿದವನೊಬ್ಬ