ವಾಸ ಪರವಾನಗಿ ಮೀಮಾಂಸೆ: ಒಂದು ತಾತ್ವಿಕ ಅನುಸಂಧಾನದ ನೆಲೆಗಳು

ಪ್ರಸ್ತುತ ಪ್ರಬಂಧವು ಯೂರೋಪಿನ, ಅದರಲ್ಲೂ ವಿಶೇಷವಾಗಿ ಜರ್ಮನಿಯ, ವಾಸ ಪರವಾನಗಿಯನ್ನು ಒಂದು ಪಠ್ಯವಾಗಿ ಪರಿಭಾವಿಸಿ, ಅದರ ಆಶಯ ಹಾಗೂ ಆಕೃತಿಗಳ ಮುಖಾಮುಖಿಯನ್ನು ಅನುಸಂಧಾನದ ನೆಲೆಯಲ್ಲಿ ನಿರ್ವಚಿಸುವ ವಿನಮ್ರ ಯತ್ನವಾಗಿದೆ. ಈ ವಾಕ್ಯ ಅರ್ಥವಾಗಲಿಲ್ಲವೆಂದರೆ ಪ್ರಬಂಧ ಸರಿಯಾದ ದಾರಿಯಲ್ಲೇ ಸಾಗುತ್ತಿದೆ ಎಂದು ತಿಳಿಯತಕ್ಕದ್ದು. ವಿಚಾರ ಸಂಕಿರಣಗಳಲ್ಲಿ ಊಟದ ಹೊತ್ತು ಮೀರುವವರೆಗೆ ಕೂತವರಿಗೂ, ಜರ್ಮನ್ ಕಚೇರಿಯಿಂದ ಬಂದ ಪತ್ರವನ್ನು ನಿಘಂಟು ಹಿಡಿದು ಓದಿದವರಿಗೂ ಈ ಶೈಲಿ ಹೊಸದಲ್ಲ. ಎರಡು ಕಡೆಯೂ ನಡೆಯುವುದು ಒಂದೇ: ಕೇಳುವವನು ದಡ್ಡತನ ತನ್ನದೇ ಅಂದುಕೊಂಡು ತಲೆಯಾಡಿಸಬೇಕು.

2005ರ ಜನವರಿ 1ರಿಂದ ಜಾರಿಯಲ್ಲಿರುವ ಜರ್ಮನಿಯ ವಾಸ ಕಾಯ್ದೆಯೇ ಇಲ್ಲಿ ಮೂಲಸೂತ್ರ. ಅದಕ್ಕೆ ಮೇಲಿಂದ ಮೇಲೆ ಬಂದ ತಿದ್ದುಪಡಿಗಳು ಭಾಷ್ಯ. ವಿದೇಶಿಗರ ಕಚೇರಿಯ ಸುತ್ತೋಲೆಗಳು ವಾರ್ತಿಕ. ಟೀಕೆ ಟಿಪ್ಪಣಿಗಳೆಲ್ಲ ಮ್ಯೂನಿಕ್, ಸ್ಟುಟ್‌ಗಾರ್ಟ್, ಬರ್ಲಿನ್‌ಗಳ ಕನ್ನಡಿಗರ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಲಭ್ಯ. ಆ ಗುಂಪಿನವರು ಯುಗಾದಿಗೆ ಸೇರಿದಾಗ ಊಟ ಆಯಿತೇ ಎಂದು ಕೇಳುವುದಿಲ್ಲ, ‘ಟರ್ಮಿನ್ ಸಿಕ್ತಾ?’ ಎಂದು ಕೇಳುತ್ತಾರೆ. ಟರ್ಮಿನ್ ಎಂದರೆ ಕಚೇರಿಯವರು ನಿಮ್ಮನ್ನು ನೋಡಲು ಒಪ್ಪಿದ ದಿನ ಮತ್ತು ಗಳಿಗೆ. ಮದುವೆ ಮುಹೂರ್ತಕ್ಕಾದರೂ ವರ್ಷಕ್ಕೆ ಇಂತಿಷ್ಟು ಎಂದು ಪಂಚಾಂಗದಲ್ಲಿ ಬರೆದಿರುತ್ತದೆ.

ಇನ್ನು ಪ್ರಮಾಣ ವಿಚಾರ, ಅಂದರೆ ತಿಳಿವಿನ ಸಾಧನಗಳ ವಿಚಾರ. ಭಾಟ್ಟ ಮೀಮಾಂಸಕರು ಒಪ್ಪುವ ಪ್ರಮಾಣಗಳು ಆರು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ, ಅರ್ಥಾಪತ್ತಿ, ಅನುಪಲಬ್ಧಿ. ಪ್ರಾಭಾಕರರು ಅನುಪಲಬ್ಧಿಯನ್ನು ಕೈಬಿಟ್ಟು ಐದೇ ಸಾಕು ಎಂದರು. ಅವರು ಟರ್ಮಿನ್ ಹುಡುಕಿದವರಲ್ಲ.

ಮೊದಲನೆಯದು ಪ್ರತ್ಯಕ್ಷ. ಅರ್ಜಿದಾರ ಕೌಂಟರಿನ ಗಾಜಿನಾಚೆ ನಿಂತಿದ್ದಾನೆ, ಉಸಿರಾಡುತ್ತಿದ್ದಾನೆ, ಚಳಿಗೆ ಮೂಗು ಸೋರುತ್ತಿದೆ. ಅವನು ಈ ಊರಿನಲ್ಲಿ ಇದ್ದಾನೆಯೇ? ಇಲ್ಲ. ಪ್ರತ್ಯಕ್ಷವು ಲೋಕದಲ್ಲೆಲ್ಲ ಜ್ಯೇಷ್ಠ ಪ್ರಮಾಣವಾದರೂ ಈ ಗಾಜಿನ ಮುಂದೆ ಅಪ್ರಮಾಣ. ಮನೆ ಹೊಕ್ಕ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು. ನೋಂದಣಿಗೆ, ‘ಇವನು ನನ್ನ ಮನೆಗೆ ಬಂದು ಸೇರಿಕೊಂಡಿದ್ದಾನೆ’ ಎಂದು ಮಾಲೀಕ ಬರೆದುಕೊಡಬೇಕು. ಇದೇ ಶಬ್ದ ಪ್ರಮಾಣ, ಅಂದರೆ ಆಪ್ತವಾಕ್ಯ. ಆಪ್ತ ಯಾರೆಂದರೆ, ಬಾಡಿಗೆ ನಗದಾಗಿ ತೆಗೆದುಕೊಂಡು, ಕಾಗದ ಕೇಳಿದ ಕೂಡಲೇ ಫೋನ್ ಎತ್ತದಿರುವ ಆಸಾಮಿ.

ಇಲ್ಲಿ ಚಕ್ರಕ ದೋಷ ಪ್ರಾಪ್ತವಾಗುತ್ತದೆ. ಮನೆ ಕೊಡಲು ಮೂರು ತಿಂಗಳ ಸಂಬಳದ ಚೀಟಿ ಕೇಳುತ್ತಾರೆ. ಸಂಬಳ ಬೀಳಲು ಬ್ಯಾಂಕ್ ಖಾತೆ ಬೇಕು. ಖಾತೆ ತೆರೆಯಲು ಎಷ್ಟೋ ಬ್ಯಾಂಕುಗಳು ವಿಳಾಸ ನೋಂದಣಿಯ ಪತ್ರ ಕೇಳುತ್ತವೆ. ನೋಂದಣಿಗೆ ಮನೆ ಬೇಕು. ನ್ಯಾಯಶಾಸ್ತ್ರದಲ್ಲಿ ಚಕ್ರಕ ದೋಷ ಸಿಕ್ಕಿದರೆ ವಾದ ಬಿದ್ದುಹೋಗುತ್ತದೆ. ಇಲ್ಲಿ ಬಿದ್ದುಹೋಗುವವನು ವಾದಿ.

ಉಪಮಾನ ಪ್ರಮಾಣಕ್ಕೆ ಶಾಸ್ತ್ರಕಾರರು ಕೊಡುವ ಉದಾಹರಣೆ ಗವಯ. ಊರ ಹಸುವನ್ನು ಬಲ್ಲವನು ಕಾಡಿನಲ್ಲಿ ಗವಯವನ್ನು ಕಂಡು, ಇದು ಹಸುವಿನಂತಿದೆ ಎಂದು ತಿಳಿಯುತ್ತಾನೆ. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಬಿ.ಇ. ಪದವಿ ಜರ್ಮನ್ನರಿಗೆ ಗವಯ. ಅದು ತಮ್ಮ ಹಸುವಿನಂತೆ ಇದೆಯೋ ಇಲ್ಲವೋ ಎಂದು ನೋಡಲು ‘ಅನಾಬಿನ್’ ಎಂಬ ದತ್ತಾಂಶ ಸಂಗ್ರಹವಿದೆ. ಅದರಲ್ಲಿ ಕಾಲೇಜಿಗೆ ‘ಎಚ್ ಪ್ಲಸ್’ ಎಂಬ ಗುರುತು ಇರಬೇಕು, ಪದವಿಯೂ ಹೊಂದಬೇಕು. ಹೊಂದದಿದ್ದರೆ ಬಾನ್ ನಗರದ ಒಂದು ಕೇಂದ್ರ ಕಚೇರಿಗೆ 208 ಯೂರೋ ಕಟ್ಟಿ ಸಾದೃಶ್ಯ ಪತ್ರ ಬರೆಸಿಕೊಳ್ಳಬೇಕು. ನಾಲ್ಕು ವರ್ಷ ಓದಿದ್ದು, ಬ್ಯಾಕ್ ಉಳಿಸಿಕೊಂಡು ತೀರಿಸಿದ್ದು, ಪ್ರಾಜೆಕ್ಟ್ ರಿಪೋರ್ಟಿಗೆ ರಾತ್ರಿಯೆಲ್ಲ ಬೈಂಡ್ ಹಾಕಿಸಿದ್ದು, ಎಲ್ಲವೂ ಇನ್ನೊಂದರಂತೆ ಇದ್ದರೆ ಮಾತ್ರ ಇದೆ.

ಪ್ರಾಸಂಗಿಕವಾಗಿ ನಾಮಮೀಮಾಂಸೆ. ಜರ್ಮನಿಯ ವಠಾರಗಳಲ್ಲಿ ಸಾಮಾನ್ಯವಾಗಿ ಮನೆಗೆ ನಂಬರ್ ಇರುವುದಿಲ್ಲ. ಅಂಚೆಯವನು ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಕಾಗದ ಹಾಕುತ್ತಾನೆ. ಹೆಸರಿಲ್ಲದಿದ್ದರೆ ಕಾಗದ ಬಂದ ದಾರಿಯಲ್ಲೇ ವಾಪಸ್. ಪರವಾನಗಿ ಕಾರ್ಡಿನ ಪಿನ್ ಸಂಖ್ಯೆ, ತೆರಿಗೆ ಸಂಖ್ಯೆ, ಆರೋಗ್ಯ ವಿಮೆಯ ಕಾರ್ಡು ಎಲ್ಲ ಈ ಪೆಟ್ಟಿಗೆಗೇ ಬರುವುದು. ನಮ್ಮವರ ಹೆಸರಿನಲ್ಲಿ ಊರು, ಅಪ್ಪ, ತಾನು ಮೂರೂ ಇರುತ್ತವೆ, ಮನೆತನದ ಹೆಸರು ಮಾತ್ರ ಇರುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಆ ಜಾಗ ಖಾಲಿ. ಖಾಲಿ ಜಾಗ ಕಂಡರೆ ಜರ್ಮನ್ ಕಂಪ್ಯೂಟರಿಗೆ ತಡೆಯಲಾಗದು. ಒಬ್ಬರು ಅಪ್ಪನ ಹೆಸರು ತುಂಬುತ್ತಾರೆ, ಇನ್ನೊಬ್ಬರು ಊರಿನ ಹೆಸರು ತುಂಬುತ್ತಾರೆ. ವಿಮೆಯಲ್ಲಿ ಒಬ್ಬ, ಬ್ಯಾಂಕಿನಲ್ಲಿ ಇನ್ನೊಬ್ಬ, ಕಾರ್ಡಿನಲ್ಲಿ ಮತ್ತೊಬ್ಬ. ಕೊನೆಗೆ ಪೆಟ್ಟಿಗೆಯ ಆರೇಳು ಸೆಂಟಿಮೀಟರ್ ಪಟ್ಟಿಯೊಳಗೆ ಇವರೆಲ್ಲರನ್ನೂ ಸಣ್ಣ ಅಕ್ಷರದಲ್ಲಿ ಬರೆದು, ಮಳೆಗೆ ಅಳಿಸದಿರಲೆಂದು ಸೆಲ್ಲೋಟೇಪ್ ಅಂಟಿಸಬೇಕು. ಒಂಟಿಯಾಗಿರುವ ಹುಡುಗನ ಪೆಟ್ಟಿಗೆ ನೋಡಿದರೆ ಅವಿಭಕ್ತ ಕುಟುಂಬ ಇದ್ದ ಹಾಗಿರುತ್ತದೆ.

ಪ್ರಬಂಧದ ಹೃದಯಭಾಗ ಅನುಪಲಬ್ಧಿ. ವಸ್ತು ಕಾಣದಿರುವುದರಿಂದಲೇ ಅದು ಇಲ್ಲವೆಂದು ತಿಳಿಯುವುದು. ಕಂಪ್ಯೂಟರಿನ ಪರದೆಯ ಮೇಲೆ ಕೆಂಪು ಪಟ್ಟಿಯಲ್ಲಿ ‘ಸದ್ಯಕ್ಕೆ ಯಾವ ಟರ್ಮಿನ್ನೂ ಇಲ್ಲ’ ಎಂದು ಬರುತ್ತದೆ. ಈ ಇಲ್ಲದಿರುವಿಕೆ ನಾಲ್ಕು ಬಗೆ. ಮಣ್ಣಿನಲ್ಲಿ ಮಡಕೆ ಇನ್ನೂ ಹುಟ್ಟದಿರುವಂಥದ್ದು ಪ್ರಾಗಭಾವ: ಹೊಸ ಟರ್ಮಿನ್‌ಗಳು ಬೆಳಗಿನ ಜಾವ ಬಿಡುಗಡೆಯಾಗುತ್ತವೆ ಎಂಬ ಪ್ರತೀತಿ ಇರುವುದರಿಂದ ಸಾಧಕರು ಅಲಾರಾಂ ಇಟ್ಟು ಎದ್ದು, ಹಲ್ಲುಜ್ಜದೆ ಪುಟವನ್ನು ಮತ್ತೆ ಮತ್ತೆ ತೆರೆಯುತ್ತಾರೆ. ಮಡಕೆ ಒಡೆದ ಮೇಲಿನದು ಪ್ರಧ್ವಂಸಾಭಾವ: ಮಂಗಳವಾರ ಒಂಬತ್ತು ಇಪ್ಪತ್ತು ಎಂದು ಹಸಿರು ಚೌಕ ಕಾಣುತ್ತದೆ, ಒತ್ತುತ್ತೀರಿ, ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ಇಮೇಲ್ ತುಂಬುತ್ತೀರಿ, ಅಷ್ಟರಲ್ಲಿ ಆ ಗಳಿಗೆ ಬೇರೆಯವರ ಪಾಲು. ಮಡಕೆಯು ಬಟ್ಟೆಯಲ್ಲ ಎಂಬುದು ಅನ್ಯೋನ್ಯಾಭಾವ: ಸಿಕ್ಕಿದ ಟರ್ಮಿನ್ ವಿಳಾಸ ಬದಲಾವಣೆಯದು, ನಿಮಗೆ ಬೇಕಾಗಿದ್ದು ಪರವಾನಗಿ ನವೀಕರಣದ್ದು. ಗಾಳಿಗೆ ಬಣ್ಣವಿಲ್ಲದಿರುವಂಥದ್ದು ಅತ್ಯಂತಾಭಾವ: ಕೆಲವು ಕಚೇರಿಗಳು ಟರ್ಮಿನ್ ಕೊಡುವ ಪದ್ಧತಿಯನ್ನೇ ಎತ್ತಿಹಾಕಿವೆ. ಅರ್ಜಿ ಕಳಿಸಿ, ನಾವೇ ತಿಳಿಸುತ್ತೇವೆ, ಪದೇ ಪದೇ ವಿಚಾರಿಸಿದರೆ ಕೆಲಸ ಇನ್ನಷ್ಟು ತಡವಾಗುತ್ತದೆ ಎಂದು ಯಂತ್ರ ಉತ್ತರಿಸುತ್ತದೆ. ತಡವಾಗಿದ್ದಕ್ಕೆ ವಿಚಾರಿಸಿದಿರಿ, ವಿಚಾರಿಸಿದ್ದಕ್ಕೆ ತಡವಾಯಿತು. ಇಂಥ ವಾಕ್ಯವನ್ನು ಬರೆದವರಿಗೆ ಯಾವ ವಿಶ್ವವಿದ್ಯಾಲಯವಾದರೂ ಪಿಎಚ್.ಡಿ. ಕೊಡಬೇಕು.

ಅನುಮಾನ, ಅರ್ಥಾಪತ್ತಿಗಳು ಉಳಿದಿವೆ. ಉಳಿಯಲಿ. ನನಗೆ ಸಾಕಾಗಿದೆ. ವಿದ್ಯಾರ್ಥಿಗಳು ಸ್ವಂತವಾಗಿ ಅಭ್ಯಸಿಸತಕ್ಕದ್ದು.

ಪೂರ್ವಪಕ್ಷದವರಿಗೊಂದು ಮಾತು. ‘ನಿಮ್ಮ ತಾಲೂಕು ಕಚೇರಿಯೇನು ಸ್ವರ್ಗವೇ? ಪಹಣಿ ತಿದ್ದಿಸಲು ಎಷ್ಟು ಸಲ ಅಲೆದಿದ್ದೀರಿ?’ ಎಂದು ಅವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಬೆಂಗಳೂರಿಗೆ ಕೆಲಸಕ್ಕೆ ಬರುವ ಜರ್ಮನ್ನನೂ, ವೀಸಾ 180 ದಿನ ಮೀರಿದ್ದರೆ, ಹದಿನಾಲ್ಕು ದಿನದೊಳಗೆ ವಿದೇಶಿಗರ ನೋಂದಣಿ ಮಾಡಿಸಬೇಕು. ಅವನ ಕಥೆಯನ್ನು ಅವನ ಭಾಷೆಯಲ್ಲಿ ಅವನು ಬರೆದುಕೊಳ್ಳಲಿ. ಆದರೆ ನಮ್ಮ ತಾಲೂಕು ಕಚೇರಿಯ ಹೊರಗೆ, ಹೊಂಗೆ ಮರದ ಕೆಳಗೆ ಅರ್ಜಿ ಬರೆಯುವ ಒಬ್ಬ ಕೂತಿರುತ್ತಾನೆ. ಯಾವ ಟೇಬಲ್, ಯಾವ ಗುಮಾಸ್ತ, ಸಾಹೇಬರು ಯಾವಾಗ ಬರುತ್ತಾರೆ ಎಲ್ಲ ಹೇಳುತ್ತಾನೆ. ಜರ್ಮನ್ ಕಚೇರಿಯಲ್ಲಿ ಲಂಚವಿಲ್ಲ, ಬೈಗುಳವಿಲ್ಲ, ನೆಲ ಫಳಫಳ. ಕೇಳಲು ಮಾತ್ರ ಯಾರೂ ಇಲ್ಲ. ಕೌಂಟರಿನಲ್ಲಿ ಸಿಕ್ಕವರು ಬಹುಪಾಲು ಒಳ್ಳೆಯವರೇ. ರಾಶಿ ಫೈಲುಗಳ ಹಿಂದೆ ಅವರೂ ಸೋತಿರುತ್ತಾರೆ.

ಇಲ್ಲಿಂದ ಮುಂದೆ ಶಾಸ್ತ್ರದ ಭಾಷೆಯಲ್ಲಿ ಬರೆಯುವುದು ನನ್ನಿಂದಾಗದು.

ಪರವಾನಗಿಯ ಅವಧಿ ಮುಗಿಯುವ ಮೊದಲು ನವೀಕರಣಕ್ಕೆ ಅರ್ಜಿ ಹಾಕಿದರೆ, ತೀರ್ಮಾನ ಬರುವವರೆಗೆ ಹಳೆಯ ಪರವಾನಗಿ ಮುಂದುವರಿದಿದೆ ಎಂದೇ ಭಾವಿಸಬೇಕೆಂದು ವಾಸ ಕಾಯ್ದೆಯ 81ನೇ ಕಲಂ ಹೇಳುತ್ತದೆ. ಸಜ್ಜನಿಕೆಯ ಕಾನೂನು. ಅದಕ್ಕೆ ಗುರುತಾಗಿ ಕಚೇರಿಯವರು ‘ಫಿಕ್ಷನ್ಸ್‌ಬೆಷೈನಿಗುಂಗ್’ ಎಂಬ ಮಡಚುವ ಕಾಗದ ಕೊಡಬೇಕು. ಅದರೊಳಗೆ ಮೂರು ಪುಟ್ಟ ಚೌಕಗಳಿವೆ. ಯಾವ ಚೌಕಕ್ಕೆ ಗುರುತು ಬಿದ್ದಿದೆ ಎನ್ನುವುದರ ಮೇಲೆ ನೀವು ದೇಶದ ಹೊರಗೆ ಹೋಗಿ ವಾಪಸ್ ಬರಬಹುದೋ ಇಲ್ಲವೋ ಎಂಬುದು ನಿಂತಿದೆ. ಹಾಸನದ ಕಡೆಯ ಒಬ್ಬ ಹುಡುಗ ನನಗೆ ಗೊತ್ತು. ಅರ್ಜಿ ಹೊತ್ತಿಗೆ ಸರಿಯಾಗಿ ಹಾಕಿದ್ದ. ಕಾನೂನಿನ ಪ್ರಕಾರ ಅವನ ವಾಸ ಸಕ್ರಮ. ಕಾಗದ ಮಾತ್ರ ಬಂದಿರಲಿಲ್ಲ, ಯಂತ್ರದ ಉತ್ತರ ಬಂದಿತ್ತು. ಆಗ ಊರಿನಲ್ಲಿ ಅವನ ಅಪ್ಪ ತೀರಿಕೊಂಡರು. ಹೋಗುವುದಕ್ಕೆ ಅಡ್ಡಿಯಿಲ್ಲ, ಆದರೆ ಅವಧಿ ಮುಗಿದ ಕಾರ್ಡು ಹಿಡಿದು ಬಂದವನನ್ನು ಬೆಂಗಳೂರಿನಲ್ಲಿ ವಿಮಾನ ಹತ್ತಿಸುವುದಿಲ್ಲ. ವಾಪಸ್ ಬರದಿದ್ದರೆ ಕೆಲಸ ಇಲ್ಲ, ಕೆಲಸ ಇಲ್ಲದಿದ್ದರೆ ಪರವಾನಗಿಯೂ ಇಲ್ಲ. ಕಚೇರಿಗೆ ಮೇಲ್ ಮೇಲೆ ಮೇಲ್ ಬರೆದ. ಪದೇ ಪದೇ ವಿಚಾರಿಸಬೇಡಿ ಎಂಬ ಅದೇ ಉತ್ತರ ಬಂತು. ಹಿರಿಯ ಮಗ. ಚಿತೆಗೆ ಬೆಂಕಿ ಇಟ್ಟವನು ಚಿಕ್ಕಪ್ಪನ ಮಗ. ಇವನು ಆಫೀಸಿನ ಮೀಟಿಂಗ್ ರೂಮಿನ ಬಾಗಿಲು ಹಾಕಿಕೊಂಡು ಫೋನಿನಲ್ಲಿ ನೋಡಿದ. ಒಂದು ಚೌಕಕ್ಕೆ ಪೆನ್ನಿನಲ್ಲಿ ಗುರುತು ಹಾಕಿ ಮೊಹರು ಒತ್ತಲು ಎಷ್ಟು ಹೊತ್ತು ಬೇಕು ಸ್ವಾಮಿ?

ನಾವು ಕರೆಯದೇ ಬಂದವರಾಗಿದ್ದರೆ ಮಾತು ಬೇರೆ. 2000ದ ಫೆಬ್ರವರಿಯಲ್ಲಿ ಹ್ಯಾನೋವರ್‌ನ ಕಂಪ್ಯೂಟರ್ ಮೇಳದಲ್ಲಿ ಚಾನ್ಸಲರ್ ಗೆರ್‌ಹಾರ್ಡ್ ಶ್ರೋಡರ್, ಹೊರದೇಶದ ಕಂಪ್ಯೂಟರ್ ತಜ್ಞರಿಗೆ ‘ಗ್ರೀನ್ ಕಾರ್ಡ್’ ಕೊಡುವುದಾಗಿ ಸಾರಿದರು. ಆಗಸ್ಟ್‌ನಿಂದ ಜಾರಿಯಾಯಿತು: 20,000 ಜನರವರೆಗೆ, ಐದು ವರ್ಷದ ಮಟ್ಟಿಗೆ. ಅದೇ ವರ್ಷದ ಪ್ರಾಂತೀಯ ಚುನಾವಣೆಯಲ್ಲಿ ಯುರ್ಗೆನ್ ರುಟ್‌ಗರ್ಸ್ ಎಂಬ ನಾಯಕನ ಪ್ರಚಾರದ ಘೋಷಣೆ, ‘ಇಂಡಿಯನ್ನರ ಬದಲು ಮಕ್ಕಳು’. ಆ ಚುನಾವಣೆಯಲ್ಲಿ ಸೋತರು, ಐದು ವರ್ಷದ ನಂತರ ಅದೇ ಪ್ರಾಂತ್ಯದ ಮುಖ್ಯಸ್ಥರಾದರು. 2024ರ ಅಕ್ಟೋಬರ್‌ನಲ್ಲಿ ಇನ್ನೊಬ್ಬ ಚಾನ್ಸಲರ್ ಓಲಾಫ್ ಶೋಲ್ಜ್ ದೆಹಲಿಗೆ ಬಂದಾಗ, ನುರಿತ ಭಾರತೀಯರಿಗೆ ವರ್ಷಕ್ಕೆ ಕೊಡುವ ವೀಸಾಗಳನ್ನು 20,000ದಿಂದ 90,000ಕ್ಕೆ ಏರಿಸುವ ಮಾತು ಬಂತು. ಮಕ್ಕಳು ಸಾಲಲಿಲ್ಲ ಅಂತ ಕಾಣುತ್ತದೆ. ವೀಸಾ ಕೊಡುವುದು ವಿದೇಶಾಂಗ ಇಲಾಖೆಯ ರಾಯಭಾರ ಕಚೇರಿಗಳು. ಬಂದಿಳಿದ ಮೇಲೆ ಪರವಾನಗಿ ಕೊಡಬೇಕಾದ್ದು ಆಯಾ ಊರಿನ, ಜಿಲ್ಲೆಯ ಕಚೇರಿ. ಅಂಥವು 500ಕ್ಕೂ ಹೆಚ್ಚಿವೆ, ಒಂದೊಂದಕ್ಕೂ ಒಂದೊಂದು ಫಾರಂ, ಒಂದೊಂದು ರೂಢಿ. ಆಮಂತ್ರಣ ಪತ್ರಿಕೆ ಹಂಚುವವರು ದೆಹಲಿಯಲ್ಲಿ ಭಾಷಣ ಮಾಡಿ ಹೋಗುತ್ತಾರೆ. ಎಲೆ ಹಾಕಬೇಕಾದವರಿಗೆ ಎಷ್ಟು ಜನ ಬರುತ್ತಾರೆಂದು ತಿಳಿದಿರುವುದಿಲ್ಲ.

ಇದು ನಮ್ಮೊಬ್ಬರ ಕಥೆಯೂ ಅಲ್ಲ. ಯುದ್ಧಾನಂತರ ಕಾರ್ಖಾನೆಗಳಿಗೆ ಕೈ ಸಾಲದಾದಾಗ ಪಶ್ಚಿಮ ಜರ್ಮನಿ 1955ರಲ್ಲಿ ಇಟಲಿಯೊಂದಿಗೆ, 1961ರಲ್ಲಿ ಟರ್ಕಿಯೊಂದಿಗೆ ಒಪ್ಪಂದ ಮಾಡಿಕೊಂಡು ‘ಅತಿಥಿ ಕಾರ್ಮಿಕ’ರನ್ನು ಕರೆಸಿತು. 1964ರ ಸೆಪ್ಟೆಂಬರ್ 10ರಂದು ಪೋರ್ಚುಗಲ್‌ನ ಬಡಗಿ ಅರ್ಮಾಂದೊ ರೊಡ್ರಿಗಸ್ ದ ಸಾ ಕೊಲೋನ್‌ನ ಡಾಯ್ಟ್ಸ್ ನಿಲ್ದಾಣದಲ್ಲಿ ರೈಲಿನಿಂದ ಇಳಿದ. ಧ್ವನಿವರ್ಧಕದಲ್ಲಿ ತನ್ನ ಹೆಸರು ಕೂಗಿದಾಗ ಹೆದರಿದನಂತೆ, ವಾಪಸ್ ಕಳಿಸುತ್ತಾರೇನೋ ಎಂದು. ಅವನು ಹತ್ತು ಲಕ್ಷನೆಯ ಅತಿಥಿ ಕಾರ್ಮಿಕ ಎಂದು ಲೆಕ್ಕ ಹಾಕಿಟ್ಟಿದ್ದರು. ಹೂಗುಚ್ಛ ಕೊಟ್ಟರು, ಒಂದು ಮೊಪೆಡ್ ಕೊಟ್ಟರು, ಫೋಟೋ ತೆಗೆದರು. ಆ ಮೊಪೆಡ್ ಈಗ ಬಾನ್‌ನ ಇತಿಹಾಸ ಸಂಗ್ರಹಾಲಯದ ಸೊತ್ತು. ಅವನು ಕಾಯಿಲೆ ಬಿದ್ದು ಊರಿಗೆ ಮರಳಿ, ದುಡಿದುಳಿಸಿದ್ದನ್ನು ಚಿಕಿತ್ಸೆಗೆ ಸುರಿದು 1979ರಲ್ಲಿ ತೀರಿಕೊಂಡ. ಜರ್ಮನಿಯ ಆರೋಗ್ಯ ವಿಮೆಯಿಂದ ಹಣ ಪಡೆಯುವ ಹಕ್ಕು ತನಗಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ, ಯಾರೂ ಹೇಳಿರಲಿಲ್ಲ.

ಆದ್ದರಿಂದ ಈ ಪ್ರಬಂಧದ ಫಲಶ್ರುತಿಯನ್ನು ನೇರವಾಗಿ ಬರೆಯುತ್ತೇನೆ. ಕಾರ್ಡಿನ ಅವಧಿ ಮುಗಿಯುವ ದಿನಕ್ಕೆ ಮೊದಲೇ ಅರ್ಜಿ ಹಾಕಿ, ಹಾಕಿದ್ದಕ್ಕೆ ಗುರುತು ಇಟ್ಟುಕೊಳ್ಳಿ; ಒಂದು ದಿನ ತಡವಾದರೂ 81ನೇ ಕಲಮಿನ ಆಸರೆ ತಪ್ಪಬಹುದು. ಮಧ್ಯಂತರದ ಕಾಗದವನ್ನು ಬರವಣಿಗೆಯಲ್ಲಿ ಕೇಳಿ, ಕೈಗೆ ಬಂದಾಗ ಕಚೇರಿ ಬಿಡುವ ಮೊದಲು ಯಾವ ಚೌಕಕ್ಕೆ ಗುರುತು ಬಿದ್ದಿದೆ ನೋಡಿ. ಸಕಾರಣವಿಲ್ಲದೆ ಮೂರು ತಿಂಗಳಾದರೂ ಅರ್ಜಿಯ ಮೇಲೆ ತೀರ್ಮಾನ ಬಾರದಿದ್ದರೆ, ಕಚೇರಿ ಸುಮ್ಮನೆ ಕೂತಿದೆಯೆಂದೇ ದಾವೆ ಹೂಡಲು ಜರ್ಮನಿಯ ಆಡಳಿತ ನ್ಯಾಯಾಲಯ ಸಂಹಿತೆಯ 75ನೇ ಕಲಂ ಅವಕಾಶ ಕೊಡುತ್ತದೆ, ವಿದೇಶಿಗರಿಗೂ ಕೊಡುತ್ತದೆ. ಈ ಕಲಮನ್ನು ಯಾವ ಕಚೇರಿಯ ಗೋಡೆಯ ಮೇಲೂ ನಾನು ಕಂಡಿಲ್ಲ. ನಿಮ್ಮ ಗುಂಪುಗಳಲ್ಲಿ ಹಂಚಿ.